ಕೆಳಪೆಟ್ಟಿಗೆಯ ಮೂಲೆ

ನನಗೆ ಸಿಟ್ಟು ಬೇಗ ಬರುತ್ತದೆ. ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವ ಬುದ್ಧಿ ಅದಕ್ಕಿಂತ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರಿಂದಲೇ ಆದದ್ದು.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನನ್ನದೊಂದು ಕರೆಂಟಿನ ಸಾಮಾನಿನ ಅಂಗಡಿ. ಹೊಟ್ಟೆಗೆ ಅದು, ಖುಷಿಗೆ ಹಿತ್ತಲಲ್ಲಿ ಎರಕ. ಒಡೆದ ಅಲ್ಯುಮಿನಿಯಂ ಪಾತ್ರೆ, ಹಳೆಯ ಪಿಸ್ಟನ್ನು ಕರಗಿಸಿ, ಒದ್ದೆ ಮರಳಿನ ಅಚ್ಚಿಗೆ ಹೊಯ್ದು ಬಾಗಿಲ ಹಿಡಿಕೆ, ದೀಪದ ಕಂಬ ಮಾಡುತ್ತೇನೆ. ಮರಳನ್ನು ಹಿಡಿದಿಡಲು ತಳವಿಲ್ಲದ ಎರಡು ಮರದ ಪೆಟ್ಟಿಗೆ ಬೇಕು, ಒಂದರ ಮೇಲೊಂದು ಸರಿಯಾಗಿ ಕೂರುವಂಥವು. ಹೊಯ್ಯುವಾಗ ಕರಗಿದ ಲೋಹ ಮೇಲಿನ ಪೆಟ್ಟಿಗೆಯನ್ನು ಎತ್ತದಿರಲೆಂದು ಅದರ ಮೇಲೊಂದು ಭಾರ ಇಡುವುದು ರೂಢಿ.

ಮೂರು ವರ್ಷದ ಹಿಂದೆ ನಮ್ಮ ಅಣ್ಣನ ಮಗಳ ಮದುವೆಯ ವಾರ. ಹೆಂಡತಿ ಸಾವಂತ್ರವ್ವನ ತಮ್ಮ ಅಮೋಘಿ ಮಮದಾಪುರದಿಂದ ಬಂದಿದ್ದ. ಕುರಿ ಕಾಯುವವನು, ಹೊಸದಾಗಿ ಮನೆ ಕಟ್ಟಿದ್ದ. ಅವನ ಬಾಗಿಲಿಗೊಂದು ಹಿಡಿಕೆ ಎರಕ ಹೊಯ್ಯಲು ಕೂತೆ. ಲೋಹ ಕರಗಿಸುವ ಮೂಸೆ ಕಾದಮೇಲೆ ಭಾರದ ನೆನಪಾಯಿತು.

“ಸಾವಂತ್ರಿ, ಬೀಸುಕಲ್ಲಿನ ಮ್ಯಾಲಿನ ಕಲ್ಲು ತಂದ ಕೊಡು.”

“ಏನ್ ಮಾತ್ರಿ ಇದು? ಮದವಿ ಅರಿಷಿಣ ಬೀಸಿ ಅದಕ್ಕ ಕಂಕಣ ಕಟ್ಟೇವಿ. ಅಕ್ಕಿಕಾಳು ಬೀಳೂತನಕ ಆ ಕಲ್ಲು ಕದಲಸಬಾರದು. ಬ್ಯಾರೆ ಏನರೆ ಹುಡಕ್ರಿ.”

ಹುಡುಕುವ ತಾಳ್ಮೆ ನನಗೆಲ್ಲಿಯದು? ಹಾಗೆಯೇ ಹೊಯ್ದೆ. ಅಮೋಘಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಪೆಟ್ಟಿಗೆಯಿಂದ ಹೊರಗೆ ನುಗ್ಗಿದ ಅಲ್ಯುಮಿನಿಯಂ ಅವನ ಬಲಗಾಲ ಮೇಲೆ ಹರಿಯಿತು. ಎರಡು ಬೆರಳು ತೆಗೆಯಬೇಕಾಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ, ಬೀಗರು ನೆಂಟರೆಲ್ಲ ಕೇಳುವ ಹಾಗೆ ನಾನು ಅಂದೆ: “ಒಂದ್ ಕಲ್ಲು ಕೊಟ್ಟಿದ್ರ ಇದು ಆಗ್ತಿರಲಿಲ್ಲ.”

ಅಂದಿನಿಂದ ಸಾವಂತ್ರವ್ವ ತವರಿಗೆ ಕಾಲಿಡಲಿಲ್ಲ. ಪಂಚಮಿಗೆ ಕರೆಯಲೆಂದು ಅಮೋಘಿ ಕುಂಟುತ್ತ ಬಂದರೆ ಇವಳು ದೇವರ ಕೋಣೆಯಿಂದ ಹೊರಗೇ ಬರಲಿಲ್ಲ. ಬಂದವನು ಚಹಾ ಕುಡಿದು ಹೋದ. ಮೂರು ಪಂಚಮಿ ಹೀಗೇ ಕಳೆದವು. ಕುರಿಯ ಹಿಂದೆ ನಡೆಯುವುದು ಅವನಿಂದ ಆಗದೆ, ಆ ಕೆಲಸ ಅವನ ಹೆಂಡತಿಗೆ ಬಿತ್ತು.

ಈ ವರ್ಷ ನನಗೆ ಮತ್ತೆ ಎರಕದ ಚಟ ಕೆರಳಿತು. ಈ ಸಲ ಪೆಟ್ಟಿಗೆ ಗಟ್ಟಿಮುಟ್ಟಾಗಿರಲಿ ಎಂದು ಟಿಕೋಟಾದ ಬಡಿಗ ಲಾಡಲೇಸಾಬನ ಹತ್ತಿರ ಹೋದೆ. ಅಳತೆಗೆ ಹಳೆಯದನ್ನು ತನ್ನಿ ಎಂದ. ಕಟ್ಟಿಗೆ ರಾಶಿಯ ಹಿಂದಿನಿಂದ ತೆಗೆದು ಒಯ್ದೆ. ಭಾರವಿಲ್ಲದೆ ಮೇಲಿನ ಪೆಟ್ಟಿಗೆ ಎದ್ದು ಲೋಹ ಹೊರಬಂದಿತ್ತು ಎಂದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದು ಮ್ಯಾಲೆದ್ದು ಹೊರಗ ಬಂದದ್ದಲ್ಲರಿ ಸಂಗಣ್ಣಾರ. ಎರಡೂ ಕೂಡೂ ಅಂಚು ನೋಡ್ರಿ, ಒಂದ ಸುಟ್ಟ ಕಲಿ ಇಲ್ಲ. ಕೆಳಗಿನ ಪೆಟಗಿ ಮೂಲಿ ಬಿಚ್ಚೇತಿ. ಹಣ್ಣಿನ ಪೆಟಗಿ ಪಟ್ಟಿಗೆ ಬರೇ ಮೊಳಿ ಹೊಡದೀರಿ, ಹೆಂಗ ತಡೀತೈತಿ? ಮ್ಯಾಲ ಭಾರ ಇಟ್ಟಿದ್ರ ಇನ್ನೂ ಲಗೂನ ಬಿಚ್ಚತಿತ್ತು.”

ಅರೇ ಹೌದಲ್ಲ ಎಂದು ಆಶ್ಚರ್ಯಪಟ್ಟವನಂತೆ ನಟಿಸಿದೆ. ಅದು ನನಗೆ ಹೊಸದಾಗಿರಲಿಲ್ಲ. ಅಂದು ಸಂಜೆ ಆಸ್ಪತ್ರೆಯಿಂದ ಬಂದು ಪೆಟ್ಟಿಗೆ ಎತ್ತಿದಾಗಲೇ ಬಿಚ್ಚಿದ ಮೂಲೆಯನ್ನೂ ಮೊಳೆಗೆ ಅಂಟಿದ ಅಲ್ಯುಮಿನಿಯಂ ತುಣುಕನ್ನೂ ಕಂಡಿದ್ದೆ. ಕಂಡು, ಕಟ್ಟಿಗೆಯ ಹಿಂದೆ ಎಸೆದಿದ್ದೆ. ಮೂರು ವರ್ಷದಲ್ಲಿ ನನ್ನ ಸುಳ್ಳನ್ನು ನಾನೇ ನಂಬಿಕೊಂಡಿದ್ದೆ, ಇಲ್ಲದಿದ್ದರೆ ಅದನ್ನು ಟಿಕೋಟಾಕ್ಕೆ ಒಯ್ಯುತ್ತಿರಲಿಲ್ಲ.

ಎಂಟು ದಿನದಲ್ಲಿ ಹೊಸದು ಸಿದ್ಧವಾಯಿತು. ಹಳೆಯ ಬಾಗಿಲ ಚೌಕಟ್ಟಿನ ಸಾಗವಾನಿ. ಮೂಲೆಗಳಲ್ಲಿ ಹಲ್ಲು ಕೊರೆದು ಒಂದರೊಳಗೊಂದು ಕೂರಿಸಿ ಸ್ಕ್ರೂ ಬಿಗಿದಿದ್ದ. ಮರಳು ಜಾರದಿರಲೆಂದು ಒಳಗೋಡೆಗೆ ತೆಳುವಾದ ಪಟ್ಟಿ. ಮೇಲಿನದನ್ನು ಹಿಂದುಮುಂದಾಗಿ ಇಡಲು ಬಾರದಂತೆ, ಎರಡನ್ನೂ ಸೇರಿಸುವ ಗೂಟಗಳಲ್ಲಿ ಒಂದು ದಪ್ಪ, ಒಂದು ಸಣ್ಣ. ನೆಲಕ್ಕಿಟ್ಟು ಅದರ ಮೇಲೆ ತಾನು ನಿಂತು ತೋರಿಸಿದ. “ನೀವೂ ನಿಂದರ್ರಿ” ಎಂದ. ನಿಂತೆ. ಅದು ಕಿರ್ ಎನ್ನಲೂ ಇಲ್ಲ. ಇಷ್ಟೇ ಕೆಲಸವನ್ನು ಅಂದು ಮಾಡಿದ್ದರೆ ಎನಿಸಿ, ಆ ಪೆಟ್ಟಿಗೆಯ ಮೇಲೆ ನಿಂತಲ್ಲೇ ನನಗೆ ನಾಚಿಕೆಯಾಯಿತು.

ಮನೆಗೆ ತಂದಾಗ ಸಾವಂತ್ರವ್ವ ಹಿತ್ತಲಿಗೆ ಬಂದಳು. ಮೂರು ವರ್ಷದಲ್ಲಿ ಎರಕದ ಜಾಗಕ್ಕೆ ಅವಳು ಬಂದದ್ದು ಅದೇ ಮೊದಲು. ಪೆಟ್ಟಿಗೆಯ ಅಂಚನ್ನು ಸವರಿದಳು.

“ಗಟ್ಟಿ ಆಗೇತ್ರಿ. ಈ ಸಲ ಕಲ್ಲು ನಾನೇ ಹೊತ್ತು ತಂದ ಕೊಡ್ತೀನಿ. ಯಾವ ಕಂಕಣ ಇದ್ರೂ ಇರವಲ್ಲದ್ಯಾಕ.”

ಅಲ್ಲೇ, ನಿಂತ ಕಾಲಲ್ಲೇ ಹೇಳಿಬಿಟ್ಟೆ: ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ, ಬಿಚ್ಚಿದ್ದು ಮೂಲೆ, ನಾನು ಮೊಳೆ ಹೊಡೆದ ಮೂಲೆ.

ಅವಳು ಕೇಳಿದಳು: “ನಿಮಗ ಯಾವಾಗ ಗೊತ್ತಾತು?”

ಲಾಡಲೇಸಾಬ ಹೇಳಿದ ಮೇಲೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

“ಅವತ್ತೇ. ಸಂಜಿಮುಂದ.”

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. “ನಾಳಿಗೆ ಮಮದಾಪುರಕ್ಕ ಹೋಗೂಣು. ಇದನ್ನ ನನ್ನ ತಮ್ಮನ ಮುಂದ ನೀವೇ ಹೇಳ್ರಿ” ಎಂದು ಒಳಗೆ ಹೋದಳು.

ಬಬಲೇಶ್ವರದಲ್ಲಿ ಬಸ್ಸು ಬದಲಿಸುವಾಗಲೂ ಅವಳು ನನ್ನ ಕಡೆ ನೋಡಲಿಲ್ಲ. ಅಮೋಘಿ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅಕ್ಕನನ್ನು ಕಂಡು ಗಡಬಡಿಸಿ ಏಳಲು ಹೋಗಿ ಗೋಡೆ ಹಿಡಿದುಕೊಂಡ. ನಾನು ಅಂಗಳದಲ್ಲೇ ನಿಂತು ಎಲ್ಲವನ್ನೂ ಒಪ್ಪಿಸಿದೆ.

ಅವನು ತಲೆ ತಗ್ಗಿಸಿದ. “ಗೊತ್ತೈತಿ ಮಾಮಾ. ನಾ ಬಾಜೂಕ ಕುಂತಿದ್ನೆಲ್ಲ. ಮೂಲಿ ಬಾಯಿ ತಗದದ್ದು ಕಣ್ಣಾರೆ ನೋಡೇನಿ.”

“ಮತ್ತ ಯಾಕ ಹೇಳ್ಲಿಲ್ಲೋ?” ಎಂದು ನಾನು ಕೇಳಿದೆ.

“ಹೇಳಿದ್ರ ನಿಮ್ಮ ಮನ್ಯಾಗ ಜಗಳ ಹತ್ತತಿತ್ತು. ಅಕ್ಕ ಬಾಳೇವು ಮಾಡೂ ಮನಿ. ಒಂದಿನ ನೀವೇ ಹೇಳ್ತೀರಿ ಅಂತ ಸುಮ್ಮನಾದೆ.”

ಹೇಳಲು ಹೇಸಿಗೆಯಾಗುತ್ತದೆ, ಆದರೆ ಆ ಮಾತು ಕೇಳಿ ನನಗೆ ಹಗುರವಾಯಿತು. ಇವನು ಕ್ಷಮಿಸಿದ, ಮುಗಿಯಿತು ಎಂದುಕೊಂಡೆ. ಸಾವಂತ್ರವ್ವ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು.

“ಇವರು ತಮ್ಮ ಮರ್ಯಾದಿ ಸಲುವಾಗಿ ಬಾಯಿ ಮುಚಗೊಂಡ್ರು. ನೀ ನನ್ನ ಸಂಸಾರದ ಸಲುವಾಗಿ ಮುಚಗೊಂಡಿ. ಮೂರು ವರ್ಷ ನಾ ತಮ್ಮನ ಕಾಲು ಸುಟ್ಟಾಕಿ ಅಂದ್ಕೊಂಡು ಉಂಡೇನಿ, ಮಲಗೇನಿ. ನಾ ಏನ್ ಅನುಭವಸಾಕತ್ತೇನಿ ಅಂತ ನಿಮ್ಮಿಬ್ಬರೊಳಗ ಒಬ್ಬರಿಗರೆ ಅನಸ್ಲಿಲ್ಲೇನ?”

ಅವಳು ಕಟ್ಟೆಯ ಕೆಳಗೆ ಕುಸಿದು ಕೂತು, ತಮ್ಮನ ಬಲಗಾಲನ್ನು ಮಡಿಲಿಗೆಳೆದುಕೊಂಡಳು. ಬೆರಳಿಲ್ಲದ ಜಾಗವನ್ನು ಮೊದಲ ಸಲ ಮುಟ್ಟಿ, ಬಾಯಿಬಿಟ್ಟು ಅತ್ತಳು. ಅಮೋಘಿಯೂ “ಯಕ್ಕಾ, ತಪ್ಪಾತು” ಎಂದು ಅಳತೊಡಗಿದ.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ತಲೆ ಎತ್ತದೆಯೇ ಕೈ ಅಡ್ಡ ಹಿಡಿದಳು.

“ನೀವು ಊರಿಗೆ ನಡೀರಿ. ನಾ ಇಲ್ಲೇ ಇರ್ತೀನಿ.”

“ಎಂದ ಬರ್ತಿ?”

“ಬರೂ ಮನಸಾದ್ರ ಹೇಳಿ ಕಳಸ್ತೀನಿ.”

ಜೀವಮಾನದಲ್ಲಿ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಹೊರಟೆ.