ಹೂಂ ಅನ್ನುವವರು

ಇರಕಲ್ಲಗಡದ ಕಟ್ಟೆಯ ಮೇಲೆ ಅಂದಪ್ಪ ಸಣ್ಣವ್ವನ ಮಗಳ ಕೊಲೆಯನ್ನೇ ಕತೆ ಮಾಡಿ ಹೇಳುತ್ತಿದ್ದ. ನೀರು ತರಲು ಹೊರಟಿದ್ದ ಸಣ್ಣವ್ವ ಕೊಡ ಹಿಡಿದು ನಿಂತಲ್ಲೇ ನಿಂತಳು.

"ಹುಡುಗಿ ಬಾವಿಗೆ ಬಗ್ಗಿದಳು. ಹಿಂದ ಒಬ್ಬಾಂವ ಬಂದ..."

ಅಂದಪ್ಪ ದನಿ ಇಳಿಸಿ ಸುಮ್ಮನಾದ. ಕೊಂದವನ ಹೆಸರು ಊರಿಗೆಲ್ಲ ಗೊತ್ತಿದ್ದರೂ ಅದನ್ನು ಬೆಲ್ಲದ ಚೂರಿನಂತೆ ಬಾಯಲ್ಲೇ ಚೀಪುತ್ತಿದ್ದ. ಕೇಳುವವರು ಹೂಂ ಅನ್ನದೆ ಅವನ ಕತೆ ಮುಂದೆ ಸಾಗುತ್ತಿರಲಿಲ್ಲ.

"ಹೂಂ!" ಎಂದಿತು ಇಡೀ ಕಟ್ಟೆ.

"ಕೊರಳಾಗ ಬಂಗಾರದ ಗುಂಡು. ದೊಡ್ಡ ಮನಿಯಾಂವ!"

"ಹೂಂ! ಹೂಂ!"

ಸಣ್ಣವ್ವನ ಮೈ ಉರಿದುಹೋಯಿತು.

"ನಿಮ್ಮ ಬಾಯಾಗ ಮಣ್ಣು ಹಾಕ! ಪೊಲೀಸ್ ಅಮೀನ ಇದ ಕಟ್ಟಿಗೆ ಬಂದು, 'ಕೊಂದಾಂವ ಗೌಡನ ಮಗನೇನು?' ಅಂತ ಕೇಳಿದಾಗ ಈ ಹೂಂ ಎಲ್ಲಿ ಹೋಗಿತ್ರೋ? ಈಗರೆ ಅನ್ರಿ. ಕೊಂದಾಂವ ಗೌಡನ ಮಗ ಹೌದಿಲ್ಲೋ?"

ಕಟ್ಟೆಯ ಮೇಲೆ ಒಬ್ಬರೂ ಹೂಂ ಅನ್ನಲಿಲ್ಲ.