ಅಣ್ಣನ ಹಿಮ್ಮಡಿ

ಸ್ಟುಡಿಯೋದ ಗಾಜಿನಾಚೆ ಒಂದು ಕಂದು ಬೂಟು, ಕಾಲ ಮೇಲೆ ಕಾಲು ಹಾಕಿ ಕೂತವನದು, ಅಣ್ಣನದೇ, ಎಡ ಹಿಮ್ಮಡಿಗೆ ಮೂರು ಸಲ ಹೊಸ ರಬ್ಬರು ಬಡಿಸಿಕೊಂಡ ಬೂಟು — ಅತ್ತ ನೋಡಬಾರದು ಎಂದು ಅವಳು ಹಾಡಿನ ಹಾಳೆಯತ್ತ ಕಣ್ಣು ತಿರುಗಿಸಿದಳು, ಹಾಳೆಯಲ್ಲಿರುವುದೆಲ್ಲ ಬಾಯಿಪಾಠ, ತಾನೇ ಬರೆದದ್ದು, ಆದರೂ ಕಣ್ಣಿಗೆ ಒಂದು ಕೆಲಸ ಬೇಕಲ್ಲ. ಇವನನ್ನು ಕರೆಸಿದವರು ಯಾರು, ಆಲ್ಬಮ್ ತರುತ್ತಿರುವ ಕಂಪನಿಯ ಮೇಡಮ್ಮೇ ಇರಬೇಕು, ನೋಡಿ ನೀವೊಬ್ರೇ ಅಂದ್ರೆ ಜನಕ್ಕೆ ಏನೋ ಕಳಕೊಂಡ ಹಾಗಿರುತ್ತೆ, ಒಂದು ಹಾಡಲ್ಲಾದ್ರೂ ಅಣ್ಣನ ದನಿ ಇರ್ಲಿ ಎಂದವರು ಅವರೇ, ಪೇಟೆಗೆ ಹೊರಟ ಹುಡುಗಿಗೆ ಯಾರನ್ನಾದರೂ ಜೊತೆಗೆ ಕರಕೊಂಡು ಹೋಗು ಅನ್ನುವ ಧಾಟಿಯಲ್ಲಿ, ಮೂವತ್ತೊಂಬತ್ತು ವರ್ಷದ ಹುಡುಗಿಗೆ. ಈಗ ಬಂದು ಕೂತಿದ್ದಾನೆ, ತೊಡೆಯ ಮೇಲೆ ಬಿಸಿನೀರಿನ ಫ್ಲಾಸ್ಕು, ಅವಳ ಗಂಟಲಿಗೆಂದು ತಂದದ್ದು, ಇದೇ ಕಷ್ಟ ಈ ಮನುಷ್ಯನದು, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಫ್ಯಾನು ನಿಲ್ಲಿಸಿದ್ದಾರೆ, ಮೈಕಿಗೆ ಫ್ಯಾನಿನ ಸದ್ದು ಆಗಿಬರುವುದಿಲ್ಲ, ಬೆನ್ನಿನಲ್ಲಿ ಬೆವರು ಒಂದೊಂದೇ ಹನಿ ಇಳಿಯುತ್ತಿದೆ, ಹೆಡ್‌ಫೋನಿನಲ್ಲಿ ಕಿವಿಯ ದನಿ — ರೆಕಾರ್ಡಿಂಗ್ ಮಾಡುವವನಿಗೆ ಎಲ್ಲರೂ ಇಟ್ಟ ಹೆಸರು ಅದು, ನಿಜವಾದ ಹೆಸರು ಅವನಿಗಾದರೂ ನೆನಪಿದೆಯೋ ಇಲ್ಲವೋ — ಅಕ್ಕಾ, ಐದನೇ ಸಲ ಹೋಗೋಣ್ವಾ. ತಾಳು, ಒಂದು ನಿಮಿಷ ತಾಳು. ಬೆಳಿಗ್ಗೆ ಅವನೇ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ್ದು, ಇಲ್ನೋಡಿ ಅಕ್ಕ, ತಾಳದ ಟಿಕ್ ಇಲ್ಲಿ ಬೀಳುತ್ತೆ, ನಿಮ್ಮ ದನಿ ಇಲ್ಲಿ ಶುರುವಾಗುತ್ತೆ, ಒಂದು ಕೂದಲೆಳೆ ಲೇಟು, ಒಂದು ಸಾಲಲ್ಲ, ಒಂಬತ್ತು ಹಾಡಿನ ಎಲ್ಲಾ ಸಾಲೂ ಅಷ್ಟೇ ಲೇಟು, ಅಳತೆಪಟ್ಟಿ ಇಟ್ಟ ಹಾಗೆ. ಮೊದಲು ನಿನ್ನ ಮೆಷಿನ್ನೇ ಸರಿಯಿಲ್ಲ ಎಂದಳು, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ಆಮೇಲೆ ಹೆಡ್‌ಫೋನು ಬದಲಾಯಿಸಿದಳು, ಆಮೇಲೆ ಥಟ್ಟನೆ ಹೊಳೆಯಿತು. ಅವಳು ಕಾಯುತ್ತಿದ್ದಳು. ಪ್ರತಿ ಸಾಲಿಗೂ ಮುಂಚೆ, ಅಲ್ಲಿ ಇಲ್ಲವೇ ಇಲ್ಲದ ಒಂದು ಬೂಟಿನ ಹಿಮ್ಮಡಿ ನೆಲಕ್ಕೆ ಬೀಳಲಿ ಎಂದು ಕಾಯುತ್ತಿದ್ದಳು.

ಅವಳಿಗೆ ಎಂಟು ವರ್ಷ, ಶಾಲೆಯ ಸಭಾಂಗಣ, ಕುರ್ಚಿಗಳೆಲ್ಲ ತುಂಬಿವೆ, ಮೊಣಕಾಲು ನಡುಗುತ್ತದೆ, ಹದಿನಾಲ್ಕರ ಅಣ್ಣ ಗಿಟಾರು ಹೆಗಲಿಗೇರಿಸಿ ಬಗ್ಗಿ ಹೇಳುತ್ತಾನೆ, ಜನರನ್ನ ನೋಡ್ಬೇಡ ಪುಟ್ಟಿ, ನನ್ನ ಬೂಟು ನೋಡು, ಹಿಮ್ಮಡಿ ಮೇಲೆದ್ರೆ ಉಸಿರು ತಗೋ, ಕೆಳಗೆ ಬಿತ್ತು ಅಂದ್ರೆ ಹಾಡು, ಅಷ್ಟೇ. ಅಷ್ಟೇ. ನಡುಕ ನಿಂತೇಹೋಯಿತು, ಆ ದಿನ ಅವನು ಹಾಗೆ ಹೇಳದಿದ್ದರೆ ಅವಳು ಇವತ್ತು ಹಾಡುಗಾರ್ತಿಯೇ ಅಲ್ಲ, ಅದನ್ನು ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಆದರೆ ಮೂವತ್ತೊಂದು ವರ್ಷ. ಬೂಟು ಬದಲಾದವು, ವೇದಿಕೆ ಬದಲಾದವು, ಹಿಮ್ಮಡಿ ಬದಲಾಗಲಿಲ್ಲ, ಅಣ್ಣತಂಗಿಯದು ಒಂದೇ ಉಸಿರು ಎಂದು ಪತ್ರಿಕೆಯವರು ಬರೆದರು, ಹೌದಪ್ಪ ಒಂದೇ, ಅವನು ಬಿಡು ಎಂದಾಗ ಇವಳು ಬಿಡುವುದು. ಹಾಡು ಬರೆದವಳು ಅವಳು, ಅಡುಗೆಮನೆಯ ಕಟ್ಟೆಯ ಮೇಲೆ, ಬಸ್ ಟಿಕೆಟಿನ ಹಿಂದೆ, ಆದರೆ ಅವನು ಆಲ್ಬಮ್ಮಿನ ಮೇಲೆ ಸಾಹಿತ್ಯ ಜನಪದ ಎಂದು ಅಚ್ಚು ಹಾಕಿಸಿದ, ಜನಪದ ಅಂದ್ರೆ ಎಲ್ರೂ ನಮ್ದು ಅಂದ್ಕೊಂಡು ಹಾಡ್ತಾರೆ ಪುಟ್ಟಿ, ಹೆಸರಲ್ಲೇನಿದೆ, ಹೆಸರಲ್ಲೇನೂ ಇಲ್ಲದಿದ್ದರೆ ಸಂಗೀತ ಎಂಬಲ್ಲಿ ತನ್ನ ಹೆಸರು ಯಾಕೆ ಹಾಕಿಸಿಕೊಂಡನೋ. ಹೀಗೆ ಅವಳು ಬದುಕಿರುವಾಗಲೇ ಜನಪದವಾಗಿಹೋದಳು. ಈ ಸಲ ಹಾಗಲ್ಲ, ಅವಳೊಬ್ಬಳದೇ ಆಲ್ಬಮ್ಮು, ಹತ್ತು ಹಾಡಿನ ಕೆಳಗೂ ಅವಳದೇ ಹೆಸರು, ಹೇಳಿದಾಗ ಅಣ್ಣ ನಕ್ಕು ಮಾಡು ಮಾಡು, ಒಂದ್ಸಲ ಮಾಡಿ ನೋಡು, ಆಮೇಲೆ ವಾಪಸ್ ಬಾ ಎಂದ, ವಾಪಸ್ ಬಾ, ತವರಿನಿಂದ ಮುನಿಸಿಕೊಂಡು ಹೋದವಳಿಗೆ ಹೇಳುವ ಹಾಗೆ. ಕಿವಿ ಹೇಳಿದ್ದ, ಅಕ್ಕ ಬಿಡಿ, ಎಲ್ಲಾ ಸಾಲನ್ನೂ ನಾನು ಒಂಚೂರು ಮುಂದಕ್ಕೆ ತಳ್ಳಿಬಿಡ್ತೀನಿ, ಅರ್ಧ ಗಂಟೆ ಕೆಲಸ, ಯಾರಿಗೂ ಗೊತ್ತಾಗಲ್ಲ. ಯಾರಿಗೂ ಗೊತ್ತಾಗದಿದ್ದರೆ ಅವಳಿಗೆ ಗೊತ್ತಾಗುವುದಿಲ್ಲವೇ, ತಳ್ಳಿಸಿಕೊಂಡು ಬಂದ ದನಿ ನನಗೆ ಬೇಡ, ಹತ್ತನೆಯದು ಸರಿಯಾಗಿ ಬರಲಿ, ಆ ಒಂಬತ್ತನ್ನೂ ಮೊದಲಿಂದ ಹಾಡ್ತೀನಿ ಎಂದಿದ್ದಳು ಜಂಬದಿಂದ, ಆಮೇಲೆ ನಾಲ್ಕು ಸಲ ಹಾಡಿ ನಾಲ್ಕು ಸಲವೂ ಅದೇ ಕೂದಲೆಳೆ.

ಹೆಡ್‌ಫೋನಿನಲ್ಲಿ ಸರಕ್ಕೆಂದು ಸದ್ದು, ಈಗ ಕಿವಿಯಲ್ಲ, ಅಣ್ಣ, ಪುಟ್ಟಿ, ನಾನು ಒಳಗೆ ಬಂದು ಎದುರಿಗೆ ಕೂರ್ಲಾ, ಹಾಡಲ್ಲ, ಸುಮ್ನೆ ಕಾಲಾಡಿಸ್ತೀನಿ. ಅಯ್ಯೋ. ಅಂದರೆ ಅವನಿಗೆ ಗೊತ್ತು. ಅಂದರೆ ಇಷ್ಟು ವರ್ಷವೂ ಗೊತ್ತಿತ್ತು, ಎಂಟರ ಹುಡುಗಿಗೆ ಊರಲು ಕೊಟ್ಟ ಕೋಲನ್ನು ಅವಳು ಮೂವತ್ತೊಂಬತ್ತಕ್ಕೂ ಬಿಟ್ಟಿಲ್ಲವೆಂದು ಗೊತ್ತಿದ್ದೂ ಒಂದು ದಿನ ಬಿಡು ಎನ್ನಲಿಲ್ಲ, ಬಿಟ್ಟರೆ ಹೋಗಿಬಿಡುತ್ತಾಳೆ ಎಂದೇ ಇರಬೇಕು. ಗಂಟಲಿನವರೆಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು, ಎರಡನ್ನೂ ನುಂಗಿದಳು, ಹಾಡುವ ಗಂಟಲು, ಹಾಳು ಮಾಡಿಕೊಳ್ಳಬಾರದು. ಬೇಡಣ್ಣ. ಎಷ್ಟು ಮೆತ್ತಗೆ ಬಂತು ಮಾತು, ಬೇಡಣ್ಣ, ಅಲ್ಲೇ ಕೂತ್ಕೊ, ಕೇಳು. ಸ್ಟೂಲನ್ನು ತಿರುಗಿಸಿ ಗಾಜಿಗೆ ಬೆನ್ನು ಮಾಡಿದಳು, ಎದುರಿಗೆ ಈಗ ಬರೀ ಗೋಡೆ, ಬೂದು ಬಣ್ಣದ ಸ್ಪಂಜಿನ ಗೋಡೆ, ಕಿವಿ ಏನೋ ಗೊಣಗಿದ, ಮೈಕನ್ನು ಅವಳೇ ಎಳೆದುಕೊಂಡಳು, ಟಿಕ್ ಬಿಡು. ಟಿಕ್. ಗೋಡೆಯ ಮೇಲೆ ಬೂಟು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ಬೂಟು, ಸರಿ ಇರಲಿ, ಇದ್ದರೆ ಇರಲಿ, ಅದನ್ನು ಓಡಿಸುತ್ತ ಕೂತರೆ ಅದೂ ಕಾಯುವುದೇ ಆಯಿತು. ಟಿಕ್. ಉಸಿರು ಈಗಲೇ, ಅದು ಏಳುವ ಮುಂಚೆಯೇ, ಹೊಟ್ಟೆ ತುಂಬ, ತನ್ನಿಷ್ಟದಷ್ಟು. ಟಿಕ್. ಹಿಮ್ಮಡಿ ಎದ್ದಿತು, ಸವೆದ ರಬ್ಬರು, ಅಂಚಿಗೆ ಅಂಟಿದ ಒಣಮಣ್ಣು, ಬೀಳಲಿ ಬಿಡಲಿ, ಹಾಡಿನ ಮೊದಲ ಸಾಲು ನಾಲಿಗೆಯ ತುದಿಯಲ್ಲಿದೆ, ಕದ ತಟ್ಟಿ ನಿಲ್ಲೋಕೆ ನಾ ನೆಂಟಳೇನು, ಕೀಲಿಯೂ ನಂದೇ, ಕದವೂ ನಂದೇ. ಟಿಕ್. ಹಿಮ್ಮಡಿ ಮೇಲೆ, ಇನ್ನೂ ಮೇಲೆ, ಕದ ಎಂಬ ಮಾತು ಅವಳ ಬಾಯಿಂದ ಆಗಲೇ ಹೊರಟುಹೋಗಿದೆ, ತಟ್ಟಿ ಎಂಬುದೂ ಹೊರಟಿದೆ, ಹಿಮ್ಮಡಿ ಇನ್ನೂ ಮೇಲೆಯೇ, ಗಾಳಿಯಲ್ಲಿ, ಸವೆದ ರಬ್ಬರು, ಒಣಮಣ್ಣು, ಬೀಳದ ಹಿಮ್ಮಡಿ