ಕುಬೇರಪ್ಪ ಆರಿಸಿದ ಸೈಡ್ ಡ್ರಮ್

ಕೊಪ್ಪಳದಲ್ಲಿ ಗಂಗಾವತಿಯ ಬಸ್ಸು ಹತ್ತಿದ ಕುಬೇರಪ್ಪ ಬಲಗಡೆಯ ಸಾಲಿನ ಕಿಟಕಿಯ ಸೀಟನ್ನು ಪರಮೇಶನಿಗೆ ಬಿಟ್ಟುಕೊಟ್ಟ.

"ಗಾಳಿ ಬಡಿತೈತಿ. ಆಕಡಿ ನೀನ ಕೂಡು," ಎಂದ.

ಗಾಳಿಯ ಮಾತು ನೆಪ. ಪರಮೇಶ ಬಲಕ್ಕೆ ಇದ್ದರೆ ಅವನ ಮಾತು ಅಷ್ಟಿಷ್ಟು ಕಿವಿಗೆ ಬೀಳುತ್ತಿತ್ತು. ಎಡಕ್ಕೆ ಕೂತರೆ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಈ ಸಂಗತಿ ಅವರ ಊರು ಭಾಗ್ಯನಗರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಒಂದು ವರ್ಷದಿಂದ ಎಚ್ಚರವಾಗಿದ್ದು ಇದ್ದು ಕುಬೇರಪ್ಪ ದಣಿದುಹೋಗಿದ್ದ.

ಅವನಿಗೆ ಐವತ್ತಾರು. ಮೂವತ್ತು ವರ್ಷದಿಂದ ಒಂದೇ ಬ್ಯಾಂಡ್ ಕಂಪನಿಯಲ್ಲಿ ಸೈಡ್ ಡ್ರಮ್ ಬಾರಿಸಿಕೊಂಡು ಬಂದವನು. ಪರಮೇಶನ ತಂದೆ ಅಂದಪ್ಪ ಕಟ್ಟಿದ ಕಂಪನಿ ಅದು. ಅಂದಪ್ಪ ತೀರಿಹೋದ ಮೇಲೆ ಮಗ ಟ್ರಂಪೆಟ್ ಊದುತ್ತ ಹತ್ತು ಜನರನ್ನು ನಡೆಸಿಕೊಂಡು ಹೋಗುತ್ತಿದ್ದ. ಕುಬೇರಪ್ಪನನ್ನು ಕಾಕಾ ಎಂದು ಕರೆಯುತ್ತಿದ್ದ. ತಾಳದ ಮೊದಲ ಲೆಕ್ಕ ಹೇಳಿಕೊಟ್ಟದ್ದೂ ಈ ಕಾಕಾನೇ.

ಹಳೆಯ ಡ್ರಮ್ಮು ಹೋದ ವಾರ ಟೆಂಪೋದಿಂದ ಉರುಳಿ, ತೊಗಲು ಬಿಗಿಯುವ ಅದರ ಬಳೆ ಸೀಳಿಹೋಗಿತ್ತು. ನಾಡಿದ್ದು ಕುಷ್ಟಗಿಯಲ್ಲಿ ಮದುವೆ. ಎಲ್ಲರೂ ಸೇರಿ ಒಂಬತ್ತು ಸಾವಿರ ಕೂಡಿಸಿದ್ದರು. ಅದರಲ್ಲಿ ಬರುವುದು ಒಂದೇ ಡ್ರಮ್ಮು, ಆ ಒಂದೇ ಎಲ್ಲದಕ್ಕೂ ಆಗಬೇಕು. ಮೆರವಣಿಗೆಯಲ್ಲಿ ಓಣಿ ನಡುಗಬೇಕು. ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳ ಹೆಜ್ಜೆಗೆ ಸರಿಯಾಗಿ ಕಟಕಟನೆ ನುಡಿಯಬೇಕು. ತೊಟ್ಟಿಲ ಕಾರ್ಯದಲ್ಲಿ ಕೂಸು ಬೆಚ್ಚಿ ಏಳಬಾರದು. ಸಾವಿನ ಮನೆಯಲ್ಲಿ ತಂತಿ ಇಳಿಸಿದರೆ ಎದೆ ಬಡಿದುಕೊಂಡಷ್ಟೇ ಮೆಲ್ಲಗೆ ಕೇಳಬೇಕು.

"ನಿನ್ನ ಕಿವಿ ಇರುತನ ನಮಗೇನು ಚಿಂತಿ ಇಲ್ಲ ಬಿಡು, ಕಾಕಾ," ಎಂದ ಪರಮೇಶ, ಬಸ್ಸು ಗಿಣಿಗೇರಿ ದಾಟುವಾಗ. ಅದು ಕುಬೇರಪ್ಪನಿಗೆ ಚೆನ್ನಾಗಿಯೇ ಕೇಳಿಸಿತು.

ಸೈಡ್ ಡ್ರಮ್ಮಿನ ಜೀವವೆಲ್ಲ ಇರುವುದು ಅದರ ಕೆಳಮುಖದಲ್ಲಿ. ಕೆಳಗಿನ ತೊಗಲಿಗೆ ತಾಗುವಂತೆ ಸಣ್ಣ ಸುರುಳಿ ತಂತಿಗಳ ಸಾಲೊಂದನ್ನು ಬಿಗಿದಿರುತ್ತಾರೆ. ಈಗ ತೊಗಲು ಪ್ಲಾಸ್ಟಿಕ್ಕಿನದು, ಹೆಸರು ಮಾತ್ರ ಹಳೆಯದೇ. ಮೇಲೆ ಕೋಲು ಬಿದ್ದರೆ ತಂತಿಗಳು ಟರ್ರೆಂದು ಉತ್ತರ ಕೊಡುತ್ತವೆ. ಪಕ್ಕದ ಲಿವರ್ ಇಳಿಸಿದರೆ ತಂತಿ ತೊಗಲನ್ನು ಬಿಟ್ಟು ದೂರ ಸರಿಯುತ್ತವೆ, ಬರೀ ಧಬ್ ಎನ್ನುವ ಸದ್ದು ಉಳಿಯುತ್ತದೆ. ಕುಬೇರಪ್ಪನಿಗೆ ಕೇಳಿಸದಾಗಿದ್ದುದು ಆ ಟರ್ರ್. ಧಬ್ ಕೇಳುತ್ತಿತ್ತು. ಹಳೆಯ ರೂಢಿಯ ಮೇಲೆ ಕೈ ನಡೆಯುತ್ತಿತ್ತು, ಆದರೆ ತಂತಿ ಮೇಲಿವೆಯೋ ಕೆಳಗಿವೆಯೋ ಎಂಬುದು ಲಿವರ್ ಕಣ್ಣಿಂದ ನೋಡಿದರಷ್ಟೇ ತಿಳಿಯುತ್ತಿತ್ತು.

ಹೋದ ತಿಂಗಳು ಅಳವಂಡಿಯಲ್ಲಿ ಹಾಗೆ ನೋಡಿಕೊಂಡಿರಲಿಲ್ಲ. ಹಿರಿಯರೊಬ್ಬರ ಮಣ್ಣಿಗೆ ಹೋಗಿದ್ದರು. ಕೊನೆಗೆ ಎಲ್ಲ ವಾದ್ಯ ನಿಂತು ಕ್ಲಾರಿನೆಟ್ ಒಂದೇ ನುಡಿಯುವಾಗ, ಆ ಸ್ವರ ತಾಗಿ ತಂತಿಗಳು ತಾವಾಗಿಯೇ ಝರ್ರೆಂದು ಅದುರತೊಡಗಿದ್ದವಂತೆ. ಕುಬೇರಪ್ಪ ಕೋಲುಗಳನ್ನು ಕಂಕುಳಲ್ಲಿ ಇಟ್ಟು ತಲೆ ತಗ್ಗಿಸಿ ನಿಂತಿದ್ದ. ತಲೆ ಎತ್ತಿದಾಗ ಸತ್ತವರ ಮಕ್ಕಳು ಅವನನ್ನೇ ನೋಡುತ್ತಿದ್ದರು. ಪರಮೇಶ ಬಂದು ತಾನೇ ಲಿವರ್ ಇಳಿಸಿದ. ಮರಳುವಾಗ ಟೆಂಪೋದಲ್ಲಿ ಎಲ್ಲರ ಎದುರು ಗದರಿದ. "ಮರತೆಪಾ," ಎಂದಿದ್ದ ಕುಬೇರಪ್ಪ. ಅಂದಿನಿಂದ ಪ್ರತಿ ಕೆಲಸಕ್ಕೆ ಹೊರಡುವಾಗಲೂ ಲಿವರನ್ನು ಎರಡೆರಡು ಸಲ ನೋಡಿಕೊಳ್ಳುತ್ತಿದ್ದ.

ಮನೆಯಲ್ಲಿ ಹೆಂಡತಿ ಹಂಪವ್ವ ಈಚೆಗೆ ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟಿದ್ದಳು. ಏನಾದರೂ ಹೇಳಬೇಕಾದರೆ ಕೈ ಒರೆಸಿಕೊಳ್ಳುತ್ತ ಅವನ ಮುಂದೆ ಬಂದು ನಿಂತು ಹೇಳುತ್ತಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಗಂಗಾವತಿಯ ಪೇಟೆಯಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿತ್ತು ಉಮರಸಾಬರ ವಾದ್ಯಗಳ ಅಂಗಡಿ. ಉಮರಸಾಬರು ಈಗಿಲ್ಲ. ಮಗಳು ಇರ್ಫಾನಾ ನೋಡಿಕೊಳ್ಳುತ್ತಿದ್ದಳು. ನಲವತ್ತೈದರ ಹೆಂಗಸು. ಕಾಲ ಮೇಲೆ ಹಾರ್ಮೋನಿಯಂ ಒಂದನ್ನು ಬೋರಲು ಹಾಕಿಕೊಂಡು ಅದರ ಧೂಳು ಕೊಡವುತ್ತಿದ್ದಳು.

"ಬರ್ರಿ ಅಣ್ಣಾರ. ಮೆಟ್ಲ ಭಾಳ ಅದಾವ ನಮ್ಮಲ್ಲಿ. ಮೊದ್ಲ ನೀರು ಕುಡೀರಿ," ಎಂದು ತಂಬಿಗೆ ಮುಂದಿಟ್ಟಳು.

ಪರಮೇಶ ಬೇಕಾದದ್ದನ್ನೂ ಇದ್ದ ದುಡ್ಡನ್ನೂ ಒಂದೇ ಉಸಿರಿಗೆ ಹೇಳಿದ. ಇರ್ಫಾನಾ ನಕ್ಕಳು. "ಒಂದ ಸೊಸಿ ಬೇಕು, ಅಡಗಿನೂ ಮಾಡ್ಬೇಕು, ಹೊಲಕ್ಕೂ ಹೋಗ್ಬೇಕು, ನೌಕರಿನೂ ಇರಬೇಕು ಅಂದಂಗಾತು ಬಿಡ್ರಿ."

"ವರದಕ್ಷಿಣಿನೂ ಕಡಿಮಿ ಐತಿ," ಎಂದ ಪರಮೇಶ.

ಅವಳು ಎರಡು ಡ್ರಮ್ಮು ತೆಗೆದು ಸ್ಟ್ಯಾಂಡಿನ ಮೇಲಿಟ್ಟಳು. ಒಂದು ಕನ್ನಡಿಯಂತೆ ಹೊಳೆಯುವ ಸ್ಟೀಲಿನದು, ಏಳು ಸಾವಿರಕ್ಕೆ. ಇನ್ನೊಂದು ಕಟ್ಟಿಗೆಯದು, ಕಂದು ಬಣ್ಣ, ನೋಡಲು ಏನೂ ಅಂಥದ್ದಿಲ್ಲ. ಅದಕ್ಕೆ ಒಂಬತ್ತು ಸಾವಿರಕ್ಕೆ ಇನ್ನೂರು ಕಡಿಮೆ. ಅಷ್ಟರಲ್ಲಿ ಪರಮೇಶನಿಗೆ ಫೋನು ಬಂತು, ಕುಷ್ಟಗಿಯ ಮದುವೆ ಮನೆಯವರದು. "ನೀ ನೋಡ್ತಿರು ಕಾಕಾ. ಯಾವಾಕಿ ಪಸಂದ ಆಕ್ಕಾಳ ಹೇಳು," ಎಂದು ಅವನು ಮೆಟ್ಟಿಲಿಳಿದು ಹೋದ.

ಕುಬೇರಪ್ಪ ಸ್ಟೀಲಿನದನ್ನು ಬಾರಿಸಿದ. ಕೇಳಿಸಿತು. ಪೂರಾ ಅಲ್ಲದಿದ್ದರೂ ಕಟ್ ಎನ್ನುವ ಏಟು, ಅದರ ಹಿಂದೆ ತಗಡಿನ ಕಂಪನ, ಎಲ್ಲ ಬಲಗಿವಿಗೆ ಬಂದು ಬಡಿಯಿತು. ವರ್ಷದಿಂದ ಇಂಥ ಸದ್ದು ಕೇಳಿರಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಬಾರಿಸಿದ.

ಕಟ್ಟಿಗೆಯದಕ್ಕೆ ಬಂದ. ಧಬ್. ಲಿವರ್ ಎತ್ತಿ ಬಾರಿಸಿದ. ಧಬ್. ಇಳಿಸಿದ. ಅದೇ ಧಬ್. ಲಿವರ್ ಯಾವ ಕಡೆ ತಿರುಗಿಸಿದರೆ ತಂತಿ ಏರುತ್ತವೆ ಎಂಬುದೇ ಈಗ ಗೊಂದಲವಾಗಿ, ಅವನು ಮಾಡಬಾರದ ತಪ್ಪು ಮಾಡಿದ.

"ಇದರ ತಂತಿ ಕೆಟ್ಟಾವೇನ್ರಿ ತಂಗಿ? ಏನೂ ಸದ್ದ ಇಲ್ಲ."

ಇರ್ಫಾನಾ ಹಾರ್ಮೋನಿಯಂ ಕೆಳಗಿಟ್ಟಳು. ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಎದ್ದು ಹೋಗಿ ಫ್ಯಾನು ಬಂದ್ ಮಾಡಿದಳು. ಬಂದು ಅವನ ಎದುರಿಗೆ, ಬೆಳಕು ತನ್ನ ಮುಖಕ್ಕೆ ಬೀಳುವಂತೆ ನಿಂತಳು.

"ಸದ್ದ ಬರಾಕತ್ತೈತ್ರಿ ಅಣ್ಣಾರ," ಎಂದಳು, ಒಂದೊಂದೇ ಮಾತು ಬಿಡಿಸಿ. "ಓಣಿಗೆಲ್ಲ ಕೇಳೋ ಹಂಗ ಬರಾಕತ್ತೈತಿ."

ಕುಬೇರಪ್ಪ ಮೊದಲು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಒಂದು ವರ್ಷ ಮುಚ್ಚಿಟ್ಟದ್ದನ್ನು ಗುರುತಿಲ್ಲದ ಹೆಂಗಸು ಒಂದು ಪ್ರಶ್ನೆಯಲ್ಲಿ ತಿಳಿದುಕೊಂಡಿದ್ದಳು.

ಅವಳು ಸ್ಟೂಲು ಎಳೆದು ಕೊಟ್ಟಳು. "ನಮ್ಮ ಅಬ್ಬಾಗೂ ಹಿಂಗ ಆಗಿತ್ರಿ. ಹಗಲೆಲ್ಲ ಡ್ರಮ್ಮಿನ ಮುಂದನ ಇದ್ರಲ್ಲ. ಆಮ್ಯಾಲ ಬೊಟ್ಟಿಟ್ಟ ನೋಡ್ತಿದ್ರು. ಕೆಳಗಿನ ಬಳಿ ಹಿಡೀರಿ ಒಂದೀಟ."

ಅವನು ಎಡಗೈ ಬೆರಳನ್ನು ಕಟ್ಟಿಗೆಯ ಡ್ರಮ್ಮಿನ ಕೆಳಗಿನ ಬಳೆಗೆ ಇಟ್ಟ. ಅವಳು ಮೇಲೆ ಮೆಲ್ಲಗೆ ಒಂದು ಏಟು ಹಾಕಿದಳು. ಬೆರಳ ತುದಿಯಲ್ಲಿ ಇರುವೆ ಸಾಲು ಹರಿದಂತಾಯಿತು. ಲಿವರ್ ಇಳಿಸಿ ಮತ್ತೆ ಹಾಕಿದಳು. ಇರುವೆಗಳು ಹೋಗಿಬಿಟ್ಟವು, ಒಂದೂ ಉಳಿಯದಂತೆ. ಅವಳು ಮಾತಾಡದೆ ಸ್ಟೀಲಿನದನ್ನು ಹತ್ತಿರ ಸರಿಸಿದಳು. ಅದರ ಲಿವರ್ ಇಳಿಸಿದ ಮೇಲೂ ತಂತಿ ಸಣ್ಣಗೆ ಅದುರುತ್ತಲೇ ಇದ್ದವು.

"ಇದು ಪೂರಾ ಇಳ್ಯಂಗಿಲ್ರಿ. ಲಗ್ನಕ್ಕ ಛಲೋ. ಮಣ್ಣಿಗೆ ಒಯ್ಯಾಕ ಬ್ಯಾಡ. ನಾ ಮಾರಾಕ ಕುಂತಾಕಿ, ಆದ್ರೂ ಹೇಳಬೇಕಲ್ಲ." ಅವಳು ಧ್ವನಿ ಇಳಿಸಲಿಲ್ಲ, ಇಳಿಸಿದರೆ ಅವನಿಗೆ ಕೇಳದೆಂದು ಗೊತ್ತಿತ್ತು. "ನಿಮ್ಮ ಮಾತು ನಾ ಯಾರ ಮುಂದೂ ಹೇಳಾಕಿ ಅಲ್ಲ. ಯಾವುದು ಅಂತೀರಿ ಅದನ್ನ ಕಟ್ಟಿ ಕೊಡ್ತೀನಿ."

ಕುಬೇರಪ್ಪ ಎರಡರ ನಡುವೆ ಕೂತ. ಸ್ಟೀಲಿನದು ತಗೊಂಡರೆ ಯಾರೂ ಏನೂ ಅನ್ನುವಂತಿರಲಿಲ್ಲ. ಅಗ್ಗ, ಗಟ್ಟಿ, ಜೋರು. ಉಳಿದ ದುಡ್ಡಿನಲ್ಲಿ ಹೆಗಲಿನ ಪಟ್ಟಿ, ಚೀಲ, ಒಂದು ಹೆಚ್ಚಿನ ತೊಗಲು ಬರುತ್ತಿತ್ತು. ಕಾಕಾ ಲೆಕ್ಕಸ್ಥ ಎಂದು ಹುಡುಗರು ಹೊಗಳುತ್ತಿದ್ದರು. ಅದರ ಸದ್ದು ಅವನಿಗೆ ಇನ್ನೂ ಎರಡು ವರ್ಷ, ಮೂರು ವರ್ಷ ಕೇಳುತ್ತಿತ್ತೇನೋ. ಕಟ್ಟಿಗೆಯದರ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಎಲ್ಲ ಬೆಣ್ಣೆಯಂತೆ ತಿರುಗಿದವು. ಬಳೆ ದಪ್ಪಗಿತ್ತು. ಕಂಪನಿಗೆ ಬೇಕಾದದ್ದು ಇದೇ. ಮೂವತ್ತು ವರ್ಷದ ಕೈಗೆ ಅಷ್ಟು ತಿಳಿಯುತ್ತಿತ್ತು. ಇದನ್ನು ಕೊಂಡರೆ ನಾಡಿದ್ದು ಕುಷ್ಟಗಿಯ ಬೀದಿಯಲ್ಲಿ ಅವನು ಕಣ್ಣು ಕಟ್ಟಿದವನ ಹಾಗೆ ನಿಲ್ಲಬೇಕು. ಬ್ಯಾಂಡು ಬಿಟ್ಟು ಮತ್ತೇನು ಬರುತ್ತದೆ ತನಗೆ ಎಂದು ಯೋಚಿಸಿದ. ಏನೂ ಹೊಳೆಯಲಿಲ್ಲ.

ಇರ್ಫಾನಾ ಅವನ ಹೆಗಲ ಆಚೆಗೆ ನೋಡಿದಳು. ಅವನು ತಿರುಗಿದ. ಪರಮೇಶ ಬಾಗಿಲಲ್ಲಿ ನಿಂತಿದ್ದ. ಅವನು ಎಷ್ಟು ಹೊತ್ತಿನಿಂದ ಅಲ್ಲಿದ್ದನೋ, ಕರೆದಿದ್ದನೋ ಏನೋ, ಕುಬೇರಪ್ಪನಿಗೆ ತಿಳಿಯಲಿಲ್ಲ. ಮುಖದ ಮೇಲೆ ನಗು ಅರ್ಧಕ್ಕೆ ನಿಂತಿತ್ತು.

"ಮೂರು ಸಲ ಕರದೆ ಕಾಕಾ," ಎಂದ ಪರಮೇಶ ಹತ್ತಿರ ಬಂದು.

ಆಗಲೂ ಒಂದು ಸುಳ್ಳು ಕುಬೇರಪ್ಪನ ನಾಲಗೆಯ ಮೇಲೆ ತಯಾರಿತ್ತು. ಕೆಳಗೆ ಲಾರಿ ಗದ್ದಲ ಎನ್ನಬಹುದಿತ್ತು. ಆದರೆ ಬೆರಳು ಇನ್ನೂ ಆ ಕಟ್ಟಿಗೆಯ ಡ್ರಮ್ಮಿನ ಬಳೆಯ ಮೇಲಿತ್ತು, ತೆಗೆಯಲು ಮನಸ್ಸು ಬರಲಿಲ್ಲ. ಅವನು ಕೋಲುಗಳನ್ನು ಪರಮೇಶನ ಕಡೆಗೆ ಚಾಚಿದ.

"ನೀ ಬಾರ್ಸಿ ನೋಡು. ನನಗ ತಂತಿ ಕೇಳಸವಲ್ದು, ಪರಮೇಶ. ವರ್ಷ ಆತು."

ಪರಮೇಶ ಕೋಲು ತಗೊಳ್ಳಲಿಲ್ಲ. "ಅಳವಂಡ್ಯಾಗ?"

"ಹೂಂ. ಮರತಿದ್ದಿಲ್ಲ. ಕೇಳಿದ್ದಿಲ್ಲ."

ಪರಮೇಶ ಗೋಡೆಯ ಕಡೆ ತಿರುಗಿ ಅಲ್ಲಿ ತೂಗುಹಾಕಿದ್ದ ಗೆಜ್ಜೆಗಳನ್ನು ಸುಮ್ಮನೆ ನೋಡುತ್ತ ನಿಂತ. ಆಮೇಲೆ ಕೋಲು ತಗೊಂಡು ಎರಡನ್ನೂ ಬಾರಿಸಿದ, ಲಿವರ್ ಏರಿಸಿ, ಇಳಿಸಿ. ಕಟ್ಟಿಗೆಯದರ ಮೇಲೆ ಕೈ ಇಟ್ಟು, "ಇದ ಅಲ್ಲೇನು?" ಎಂದು ಕೇಳಿದ.

"ಇದ," ಎಂದ ಕುಬೇರಪ್ಪ.

ಇರ್ಫಾನಾ ಡ್ರಮ್ಮನ್ನು ಹಳೆಯ ಚಾದರದಲ್ಲಿ ಸುತ್ತಿ ಕಟ್ಟಿದಳು. ಚೀಲಕ್ಕೆ ದುಡ್ಡಿಲ್ಲ ಎಂದು ಅವರು ಹೇಳುವ ಮೊದಲೇ, "ಚಾದರ ಇರಲಿ, ನನಗ ಬ್ಯಾಡ" ಎಂದಳು.

ಮರಳುವ ಬಸ್ಸಿನಲ್ಲಿ ಜನ ತುಂಬಿದ್ದರು. ಡ್ರಮ್ಮು ಕುಬೇರಪ್ಪನ ತೊಡೆಯ ಮೇಲೆ. ಪರಮೇಶ ಬಸ್ಸು ಹೊರಟೊಡನೆ ಯಾರಿಗೋ ಫೋನು ಹಚ್ಚಿದ. ಎಂಜಿನ್ನಿನ ಗುಂಯ್ ಒಂದನ್ನು ಬಿಟ್ಟು ಕುಬೇರಪ್ಪನಿಗೆ ಏನೂ ಕೇಳಲಿಲ್ಲ. ಪರಮೇಶನ ತುಟಿಯನ್ನೇ ನೋಡಿದ. 'ಕಾಕಾ' ಎಂದದ್ದು ಗೊತ್ತಾಯಿತು. ಮತ್ತೊಮ್ಮೆ 'ಕಾಕಾ'. ಪರಮೇಶ ತಲೆ ಅಲ್ಲಾಡಿಸಿದ, ಹುಬ್ಬು ಗಂಟಿಕ್ಕಿದ, ಯಾವುದಕ್ಕೋ ಒಪ್ಪಿದ. ತನ್ನ ಮುಂದಿನ ದಿನಗಳೆಲ್ಲ ಪಕ್ಕದಲ್ಲೇ ತೀರ್ಮಾನವಾಗುತ್ತಿವೆ, ತನಗೆ ಮಾತ್ರ ಕೇಳುತ್ತಿಲ್ಲ. ಕಾಲುವೆ ಬಂತು, ಗದ್ದೆ ಬಂದವು, ಹೋದವು. ಅಷ್ಟು ಹೆದರಿಕೆ ಅವನಿಗೆ ಅಳವಂಡಿಯಲ್ಲೂ ಆಗಿರಲಿಲ್ಲ.

ಫೋನು ಇಟ್ಟು ಪರಮೇಶ ಅವನ ಬಲಗಿವಿಗೆ ಬಾಯಿ ತಂದ.

"ಹಾಲೇಶ. ಅವಗ ಹೇಳಿದೆ."

ಹಾಲೇಶ ಕಂಪನಿಯಲ್ಲಿ ದೊಡ್ಡ ಡ್ರಮ್ ಹೊರುವವನು.

"ನಾಡದು ನೀನ ಬಾರಸ್ತಿ. ನಾ ಮಗ್ಗಲಕ್ಕ ಇರ್ತೀನಿ, ತಂತಿ ಇಳಿಸೂದಿದ್ರ ಮೊಣಕೈಲೆ ತಿವೀತೀನಿ. ಲಗ್ನ ಮುಗಿದ ಮರುದಿನ ಕೊಪ್ಪಳದಾಗ ದವಾಖಾನಿಗೆ ಹೋಗೂದು, ಕಿವಿ ತೋರಿಸೂದು. ಹಾಲೇಶ ನಿನ್ನ ಹತ್ರ ಕಲೀತಾನ. ಅವ ತಯಾರಾದ ಮ್ಯಾಲ ಸೈಡ್ ಡ್ರಮ್ ಅವಂದು, ದೊಡ್ಡದು ನಿಂದು. ಅದು ಕೇಳತೈತಲ್ಲ?"

ಕುಬೇರಪ್ಪ ಚಾದರದ ಗಂಟನ್ನು ನೋಡಿದ. ಮೂವತ್ತು ವರ್ಷದ ಜಾಗ ಅದು.

"ಕೇಳತೈತಿ. ಸದ್ಯಕ್ಕ," ಎಂದ. "ಹಾಲ್ಯಾ ಏನಂದ?"

"ಬೆನ್ನ ಬ್ಯಾನಿ ಹೋತು ಅಂತ ಕುಣೀತಾನ. ನಿನ್ನ ಹೊಟ್ಟಿ ಮ್ಯಾಲ ದೊಡ್ಡ ಡ್ರಮ್ ಹೆಂಗ ಕುಂದರತೈತಿ ಅಂತ ಕೇಳಾಕತ್ತಿದ್ದ."

"ಬೆಳಿಗ್ಗಿ ಆರಕ್ಕ ಬಾ ಅನ್ನು ಆ ಮಗಗ. ಆರೂ ಐದಕ್ಕ ಬಂದ್ರ ಬಾಗಲಾ ತೆಗ್ಯಾಂವಲ್ಲ."

ಪರಮೇಶ ನಕ್ಕ. ಸ್ವಲ್ಪ ದೂರ ಹೋದ ಮೇಲೆ ಕುಬೇರಪ್ಪ ಮತ್ತೆ ಅವನ ತೋಳು ಮುಟ್ಟಿದ.

"ಹಂಪವ್ವಗ ನೀನ ಹೇಳು. ನನ್ನಿಂದ ಆಗೂದಿಲ್ಲ."

"ಕಾಕೂಗ ನಾ ಏನ್ ಹೇಳೂದು," ಎಂದ ಪರಮೇಶ. "ಅದನ್ನ ನೀನ ಹೇಳಬೇಕು, ಕಾಕಾ. ಬೇಕಾದ್ರ ಬಾಗಲಾತನ ಬರ್ತೀನಿ."